ಮಗು ಮೆಚ್ಚಿದ ಸಪ್ಪೆ ಸೀಕ್ವೆಲ್‌ಗಳನ್ನು ಪೋಷಕರು ನಿಭಾಯಿಸುವ ಬಗೆ

ಮೂಲಚಿತ್ರವನ್ನು ಮೆಚ್ಚಿದ ಪೋಷಕರಿಗೆ ಸಪ್ಪೆಯೆನಿಸಿದ ಸೀಕ್ವೆಲ್ ಅನ್ನೇ, ಅಂದರೆ ಎರಡನೆಯ ಭಾಗವನ್ನೇ, ನಾಲ್ಕೈದು ವರ್ಷದ ಮಗು ದಿನವೂ ಹಟಹಿಡಿದು ಕೇಳುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಮಗುವಿನ ಅಭಿರುಚಿಯನ್ನು ತಿದ್ದಲು ಹೊರಡುವ ಮೊದಲು, ಆ ಚಿತ್ರ ಹಾಗೇಕೆ ಇದೆ ಎಂಬುದನ್ನು ಅರಿತುಕೊಳ್ಳುವುದು ಒಳ್ಳೆಯದು.

ಡಿಸ್ನಿ ಸಂಸ್ಥೆ 1994ರಲ್ಲಿ 'ಅಲ್ಲಾದ್ದೀನ್' ಚಿತ್ರದ ಮುಂದುವರಿಕೆಯಾಗಿ 'ದಿ ರಿಟರ್ನ್ ಆಫ್ ಜಾಫರ್' ಅನ್ನು ಚಿತ್ರಮಂದಿರಕ್ಕೆ ತಾರದೆ ನೇರವಾಗಿ ವಿಡಿಯೊ ಕ್ಯಾಸೆಟ್‌ನಲ್ಲಿ ಮಾರಿತು. ಅದನ್ನು ಸಿದ್ಧಪಡಿಸಿದ್ದು ಸಂಸ್ಥೆಯ ಟಿವಿ ವಿಭಾಗ. ಮೂಲಚಿತ್ರದಲ್ಲಿ ದೀಪದ ಭೂತ ಜೀನಿಗೆ ದನಿಯಾಗಿದ್ದ ನಟ ರಾಬಿನ್ ವಿಲಿಯಮ್ಸ್ ಅದರಲ್ಲಿರಲಿಲ್ಲ. ವ್ಯಾಪಾರ ಕುದುರಿದ ಮೇಲೆ ಇಂಥವು ಸಾಲುಸಾಲಾಗಿ ಬಂದವು. 1950ರ 'ಸಿಂಡರೆಲ್ಲಾ'ಗೆ 2002ರಲ್ಲಿ ಬಂದ ಎರಡನೆಯ ಭಾಗವಂತೂ ಮೂರು ಬಿಡಿ ಕಥೆಗಳನ್ನು ಒಂದು ನೆಪದ ದಾರಕ್ಕೆ ಪೋಣಿಸಿದಂತಿದೆ. ಇವುಗಳನ್ನು ಟಿವಿಯ ಕಂತುಗಳೆಂದು ಭಾವಿಸಿ ನೋಡಿದರೆ ಅರ್ಧ ನಿರಾಸೆ ತಾನಾಗಿ ಇಳಿಯುತ್ತದೆ.

ಇನ್ನು ಮಗುವಿನ ಕಡೆಯಿಂದ ನೋಡಿ. 'ದಿ ಲಯನ್ ಕಿಂಗ್' ಚಿತ್ರದಲ್ಲಿ ನಾಯಕ ಸಿಂಬನ ತಂದೆ ಮುಫಾಸಾ ಸಾಯುವ ದೃಶ್ಯ ದೊಡ್ಡವರನ್ನು ಕಲಕುವುದರಿಂದಲೇ ನಮಗೆ ಶ್ರೇಷ್ಠವೆನಿಸಿದರೆ, ಚಿಕ್ಕ ಮಗುವಿಗೆ ಅದು ಕಣ್ಣು ಮುಚ್ಚಿಕೊಳ್ಳುವಷ್ಟು ದೊಡ್ಡ ಭಯವಾಗಬಹುದು. ಸೀಕ್ವೆಲ್‌ಗಳಲ್ಲಿ ಅಪಾಯ ಸಾಮಾನ್ಯವಾಗಿ ಹಗುರ, ಮುಖಗಳು ಪರಿಚಿತ. ಹಲವು ಬಾರಿ ಹಳೆಯ ನಾಯಕರ ಮಕ್ಕಳೇ ಹೊಸ ನಾಯಕರು. ಸಿಂಬನ ಮಗಳು ಕಿಯಾರಾ, 'ದಿ ಲಿಟಲ್ ಮರ್ಮೇಡ್' ಚಿತ್ರದ ಮತ್ಸ್ಯಕನ್ಯೆ ಏರಿಯಲ್‌ಳ ಮಗಳು ಮೆಲೊಡಿ ಇದಕ್ಕೆ ಉದಾಹರಣೆ. ಪದೇ ಪದೇ ನೋಡುವುದಕ್ಕೂ ಅರ್ಥವಿದೆ: ಅಮೆರಿಕದ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ಕಾರ್ಯಕ್ರಮದ ಒಂದೇ ಕಂತನ್ನು ಐದು ದಿನ ತೋರಿಸಿ ನಡೆಸಿದ ಅಧ್ಯಯನದಲ್ಲಿ, ಪುನರಾವರ್ತನೆಯಿಂದ ಮಕ್ಕಳ ಗ್ರಹಿಕೆ ಹೆಚ್ಚಿದ್ದು ಕಂಡುಬಂದಿತು.

ಆದ್ದರಿಂದ ಒಮ್ಮೆಯಾದರೂ ಫೋನು ಬದಿಗಿಟ್ಟು ಮಗುವಿನೊಂದಿಗೆ ಪೂರ್ತಿ ಚಿತ್ರ ನೋಡಿ. ಕುಂದುಗಳನ್ನು ಎತ್ತಿ ಆಡಬೇಡಿ. ತನಗೆ ಪ್ರಿಯವಾದುದನ್ನು ಅಪ್ಪ-ಅಮ್ಮ ಗೇಲಿ ಮಾಡುತ್ತಾರೆಂದು ತಿಳಿದರೆ ಮಗು ಚಿತ್ರವನ್ನಲ್ಲ, ಅದರ ಬಗ್ಗೆ ನಿಮ್ಮೊಡನೆ ಮಾತಾಡುವುದನ್ನೇ ಬಿಡುತ್ತದೆ. 'ಯಾಕೆ ಹಾಗೆ ಮಾಡಿದಳು?' ಎಂಬ ಒಂದೆರಡು ಪ್ರಶ್ನೆ ಸಾಕು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಚಿತ್ರ ನೋಡಿದ ಮಗುವಿನಿಂದ ಅದೇ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿಸಿದರೆ, ತೆಳುವಾದ ಕಥೆಯೇ ಹೇಳಲು ಅನುಕೂಲವೆಂಬುದು ತಿಳಿಯುತ್ತದೆ. ನಿಮಗೂ ಏನಾದರೂ ದಕ್ಕಬೇಕೆಂದರೆ 2000ನೇ ಇಸವಿಯ 'ದಿ ಲಿಟಲ್ ಮರ್ಮೇಡ್ 2' ನೋಡಿ. ತಂದೆಯ ಮಾತು ಮೀರಿ ಸಮುದ್ರ ಬಿಟ್ಟುಬಂದಿದ್ದ ಏರಿಯಲ್ ಇಲ್ಲಿ ಮಗಳು ಸಮುದ್ರಕ್ಕೆ ಇಳಿಯದಂತೆ ಅರಮನೆಗೆ ಗೋಡೆ ಕಟ್ಟಿಸುತ್ತಾಳೆ. ಚಿತ್ರ ಸಾಧಾರಣವೇ, ಆದರೆ ಆ ಗೋಡೆ ಪೋಷಕರಿಗೆ ಚುಚ್ಚದೆ ಇರದು.

ಮೂಲಚಿತ್ರವನ್ನು ಔಷಧಿಯಂತೆ ಕುಡಿಸಬೇಡಿ. ಹಾಡಿನ ಮೂಲಕ ಹೋಗುವುದು ಸುಲಭ. 2003ರ 'ದಿ ಜಂಗಲ್ ಬುಕ್ 2' ಚಿತ್ರವು 1967ರ ಮೊದಲ ಭಾಗದ ಪ್ರಸಿದ್ಧ ಹಾಡು 'ದಿ ಬೇರ್ ನೆಸೆಸಿಟೀಸ್' ಅನ್ನು ಮತ್ತೆ ಬಳಸಿದೆ. ಹಳೆಯ ಚಿತ್ರದಲ್ಲಿ ಕರಡಿ ಬಲ್ಲೂಗೆ ದನಿಯಾದ ಫಿಲ್ ಹ್ಯಾರಿಸ್ ಹಾಡಿದ್ದನ್ನು ಕಾರಿನಲ್ಲೋ ಅಡುಗೆಮನೆಯಲ್ಲೋ ಕೇಳಿಸಿದರೆ, 'ಇದು ಯಾವ ಬಲ್ಲೂ?' ಎಂಬ ಪ್ರಶ್ನೆ ಮಗುವಿನಿಂದಲೇ ಬರುವ ಸಾಧ್ಯತೆಯಿದೆ. ಭಯದ ದೃಶ್ಯಗಳಿರುವ ಚಿತ್ರವಾದರೆ ಇನ್ನೂ ಒಂದೆರಡು ವರ್ಷ ಕಾಯುವುದರಿಂದ ನಷ್ಟವೇನಿಲ್ಲ.

ಮಿತಿಯನ್ನು ಹೊತ್ತಿಗೆ ಹಾಕಿ, ಚಿತ್ರದ ಗುಣಮಟ್ಟಕ್ಕಲ್ಲ: ದಿನಕ್ಕೆ ಒಂದೇ ಚಿತ್ರವೆಂದು ಗೊತ್ತುಮಾಡಿ, ಮುಂದಿನದು ತಾನಾಗಿ ಶುರುವಾಗುವ ಸೌಲಭ್ಯವನ್ನು ನಿಲ್ಲಿಸಿಡಿ. ಮಗು ಒಂದು ದಿನ ಆ ಚಿತ್ರವನ್ನು ಕೇಳುವುದನ್ನು ನಿಲ್ಲಿಸಿದೊಡನೆ ಸಂತೋಷದಿಂದ ಅಳಿಸಿಬಿಡಬೇಡಿ; ಜ್ವರ ಬಂದಾಗಲೋ ಹೊಸ ಶಾಲೆಗೆ ಸೇರಿದಾಗಲೋ ಅದನ್ನೇ ಮತ್ತೆ ಕೇಳುವುದುಂಟು.