ಹತ್ತಂಕಿಯ ಅವಿಭಾಜ್ಯವನ್ನು ಕೈಲೆಕ್ಕದಲ್ಲಿ ಸಾಧಿಸಿದ್ದು

ಎರಡರ 31ನೇ ಘಾತದಲ್ಲಿ ಒಂದು ಕಳೆದರೆ 2147483647. ಇದು ಅವಿಭಾಜ್ಯ ಸಂಖ್ಯೆ ಎಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದ. ಆ ಹೊತ್ತಿಗೆ ಅವನ ಕಣ್ಣು ಬಹುಮಟ್ಟಿಗೆ ಹೋಗಿತ್ತು. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ, ಗೊತ್ತು. ಆದರೂ ಅವನ ದಾರಿಯಲ್ಲೇ ಒಮ್ಮೆ ನಡೆದು ನೋಡಬೇಕೆಂಬ ಆಸೆ ಬಿಎಸ್ಸಿ ಓದುವಾಗಿನಿಂದ ನನಗಿತ್ತು. ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಆಷಾಢದ ಮಳೆಯಲ್ಲಿ ಸಂಜೆ ಕರೆಂಟು ಹೋದರೆ ಬರುವುದು ಯಾವಾಗಲೋ; ಕಾಗದ, ಪೆನ್ಸಿಲ್ ಹಿಡಿದು ಕುಳಿತೆ.

ವರ್ಗಮೂಲದವರೆಗಿನ, ಅಂದರೆ 46340ರೊಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸುವುದು ಮಾಮೂಲು ದಾರಿ. ಅವು ನಾಲ್ಕು ಸಾವಿರಕ್ಕೂ ಹೆಚ್ಚು. ಆದರೆ ಈ ಸಂಖ್ಯೆಯ ರಚನೆಯೇ ನಮ್ಮ ಕೆಲಸ ಹಗುರ ಮಾಡುತ್ತದೆ.

ಪ ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ ಎರಡರ 31ನೇ ಘಾತವನ್ನು ಪ ಭಾಗಿಸಿದಾಗ ಶೇಷ 1. 31 ತಾನೇ ಅವಿಭಾಜ್ಯವಾದ್ದರಿಂದ ಅದಕ್ಕೂ ಚಿಕ್ಕ ಘಾತದಲ್ಲಿ ಶೇಷ 1 ಬರುವಂತಿಲ್ಲ. ಫರ್ಮಾನ ಪ್ರಮೇಯದಂತೆ ಪ−1ನೇ ಘಾತದಲ್ಲೂ ಶೇಷ 1. ಹಾಗಾಗಿ ಪ−1ನ್ನು 31 ನಿಶ್ಶೇಷವಾಗಿ ಭಾಗಿಸಬೇಕು. ಪ ಬೆಸಸಂಖ್ಯೆ, ಆದ್ದರಿಂದ 62 ಕೂಡ. ಇನ್ನು 32ನೇ ಘಾತದ ಶೇಷ 2, ಅದು 16ನೇ ಘಾತದ ವರ್ಗ. ವರ್ಗವೊಂದು ಶೇಷ 2 ಕೊಡಬೇಕಾದರೆ ಪ-ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಲೇಬೇಕು. ಎರಡೂ ಷರತ್ತು ಕೂಡಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಕಣದಲ್ಲಿರುತ್ತವೆ.

46340ರೊಳಗೆ ಅಂಥವು 373. ಅವುಗಳಲ್ಲೂ ಬಹಳಷ್ಟು ಅವಿಭಾಜ್ಯಗಳಲ್ಲ: 63, 249, 497 ಸುಲಭವಾಗಿ ಬಿದ್ದುಹೋದವು, 559 ಎಂದರೆ 13 ಗುಣಿಸು 43. ಮೊದಲು ಉಳಿದದ್ದು 311, ಅದರ ನಂತರ ನೇರವಾಗಿ 1303! ನಡುವಿನ ಅಷ್ಟೂ ಅವಿಭಾಜ್ಯಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಇದನ್ನು ಕಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪರೀಕ್ಷಿಸುವಾಗಲೂ ಹತ್ತಂಕಿಯ ಸಂಖ್ಯೆಯನ್ನು ನಾನು ಭಾಗಿಸಲಿಲ್ಲ. 16ನೇ ಘಾತ 65536. ಅದನ್ನು 311ರಿಂದ ಭಾಗಿಸಿದರೆ ಶೇಷ 226. 311ಕ್ಕೆ 85 ಕಡಿಮೆ. 85ರ ವರ್ಗ 7225, ಮತ್ತೆ ಭಾಗಿಸಿದರೆ ಶೇಷ 72. ಬರಬೇಕಾದದ್ದು 2. ಅಲ್ಲಿಗೆ 311 ಹೊರಗೆ. 1303ಕ್ಕೆ ಮೊದಲ ಶೇಷ 386, ಅದರ ವರ್ಗದ ಶೇಷ 454. ಅದೂ ಹೊರಗೆ. ಕೊನೆಕೊನೆಗೆ ವರ್ಗಗಳು ಒಂಬತ್ತಂಕಿ ಮುಟ್ಟುತ್ತವೆ, ಅಲ್ಲಿ ತಾಳ್ಮೆ ಬೇಕು. ಒಂದಕ್ಕೂ 2 ಬರಲಿಲ್ಲ.

ಕಾರವಾರದಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ಪಟ್ಟಿಯನ್ನು ಪ್ರೋಗ್ರಾಮಿಗೆ ಹಾಕಿ ತಾಳೆ ನೋಡಿ, "ಚಿಕ್ಕಪ್ಪಾ, ಎಲ್ಲ ಸರಿ ಇದ್ದು" ಎಂದಳು.

ನೀವೂ ಮಾಡಿ ನೋಡುವುದಾದರೆ ಎರಡರ 13ನೇ ಘಾತದಲ್ಲಿ ಒಂದು ಕಳೆದಾಗ ಬರುವ 8191ರಿಂದ ಶುರುಮಾಡಿ. ವರ್ಗಮೂಲ 90ರ ಆಸುಪಾಸು. 26 ಮತ್ತು 8ರ ಷರತ್ತು ಹಾಕಿದರೆ ಉಳಿಯುವುದು 79 ಒಂದೇ. ಭಾಗಿಸಿದರೆ ಶೇಷ 54; ಸಾಧನೆ ಅಲ್ಲಿಗೇ ಪೂರ್ತಿ.