ನಾಯಕತ್ವದ ತರಬೇತಿ ಮುಗಿಸಿ ಲೈನಿಗೆ ಮರಳಿದ ಹೊಸ ಸೂಪರ್‌ವೈಸರ್‌ಗಳಿಗೆ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಟೈಲರ್ ಆಗಿದ್ದವರು ಬಡ್ತಿ ಪಡೆದು ಹೊಲಿಗೆ ಯಂತ್ರಗಳ ಒಂದು ಸಾಲಿನ, ಅಂದರೆ ಲೈನಿನ, ಸೂಪರ್‌ವೈಸರ್ ಆಗುವುದುಂಟು. ತರಬೇತಿಯಲ್ಲಿ ಅವರು ಪ್ರೇರಣೆ, ದೂರದೃಷ್ಟಿ, ಸಹಭಾಗಿತ್ವಗಳ ಬಗ್ಗೆ ಕೇಳಿಸಿಕೊಂಡು ಬರುತ್ತಾರೆ. ಮಾರನೆಯ ಬೆಳಿಗ್ಗೆ ಲೈನಿನಲ್ಲಿ ಮೂವರು ಗೈರುಹಾಜರಾಗಿರುತ್ತಾರೆ, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಯಂತ್ರ ಕೆಟ್ಟಿರುತ್ತದೆ, ಗಂಟೆಯ ಟಾರ್ಗೆಟ್ ಮಾತ್ರ ಕಡಿಮೆಯಾಗಿರುವುದಿಲ್ಲ. ಕಲಿತದ್ದು ಸುಳ್ಳಲ್ಲ, ಆದರೆ ಸಿದ್ಧಾಂತಗಳು ಕಲ್ಪಿಸಿಕೊಳ್ಳುವ ನಾಯಕನಿಗಿರುವ ಸಮಯವಾಗಲಿ ಅಧಿಕಾರವಾಗಲಿ ಸೂಪರ್‌ವೈಸರ್‌ಗೆ ಇರುವುದಿಲ್ಲ. ಆ ಎರಡರ ಅಳತೆಗೆ ತಕ್ಕಂತೆ ಕಲಿತದ್ದನ್ನು ಕತ್ತರಿಸಿಕೊಳ್ಳಬೇಕಾಗುತ್ತದೆ.

ಮೊದಲು ಒಂದು ವಾರ ನಿಮ್ಮ ಹೊತ್ತು ಎಲ್ಲಿ ಹೋಗುತ್ತಿದೆ ಎಂಬುದನ್ನು ಬರೆದಿಡಿ. ಕೆನಡಾದ ನಿರ್ವಹಣಾ ವಿದ್ವಾಂಸ ಹೆನ್ರಿ ಮಿಂಟ್ಜ್‌ಬರ್ಗ್ ಐವರು ಮುಖ್ಯಾಧಿಕಾರಿಗಳನ್ನು ತಲಾ ಒಂದು ವಾರ ಹತ್ತಿರದಿಂದ ಗಮನಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಕೆಲಸಗಳಲ್ಲಿ ಅರ್ಧದಷ್ಟು 9 ನಿಮಿಷಕ್ಕಿಂತ ಕಡಿಮೆ ಹೊತ್ತಿನವಾಗಿದ್ದವು. ಮುಖ್ಯಾಧಿಕಾರಿಗಳ ಪಾಡೇ ಹೀಗಿರುವಾಗ, ಅರ್ಧ ಗಂಟೆ ಬೇಡುವ ಯಾವ ಸಲಹೆಯೂ ಲೈನಿನಲ್ಲಿ ಉಳಿಯಲಾರದು. ಯಂತ್ರದ ಪಕ್ಕದಲ್ಲಿ ನಿಂತು ಎರಡು ನಿಮಿಷದಲ್ಲಿ ಮಾಡಬಹುದಾದದ್ದನ್ನಷ್ಟೇ ಆರಿಸಿಕೊಳ್ಳಿ.

ಬಳಿಕ ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳಿ. ಸಂಬಳ, ನೇಮಕಾತಿ, ಟಾರ್ಗೆಟ್ ನಿಮ್ಮವಲ್ಲ. ಯಾರು ಯಾವ ಯಂತ್ರದಲ್ಲಿ ಕೂರಬೇಕು, ಮೆಕ್ಯಾನಿಕ್ಕನ್ನು ಯಾವಾಗ ಕರೆಯಬೇಕು, ತಪ್ಪನ್ನು ಎಲ್ಲರೆದುರು ಹೇಳಬೇಕೋ ಒಬ್ಬರಿಗೇ ಹೇಳಬೇಕೋ ಎಂಬುದು ಬಹುಮಟ್ಟಿಗೆ ನಿಮ್ಮದು. ಕೈಯಲ್ಲಿಲ್ಲದ್ದರ ಬಗ್ಗೆ ಭರವಸೆ ಕೊಡಬೇಡಿ. ಹೆಚ್ಚುವರಿ ದುಡಿಮೆಗೆ ಕಾನೂನಿನ ಪ್ರಕಾರ ದುಪ್ಪಟ್ಟು ದರ ಸಲ್ಲಬೇಕು. ಅದು ಸಿಗದ ಕಡೆ ಪ್ರೇರಣೆಯ ಮಾತಿನಿಂದ ಆ ಕೊರತೆ ತುಂಬಲು ಹೊರಡುವುದು ಅನ್ಯಾಯ.

ಲೈನಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಸಿದ್ಧಾಂತವೊಂದಿದೆ. ಕೆಲಸಗಾರರ ಸಿದ್ಧತೆಗೆ ತಕ್ಕಂತೆ ನಾಯಕ ತನ್ನ ರೀತಿಯನ್ನು ಬದಲಿಸಬೇಕು ಎಂದು ನಿರ್ವಹಣಾ ಚಿಂತಕರಾದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ವಿಚಾರವದು. ತರಬೇತಿ ಮುಗಿಸಿದವರು ಇದನ್ನು ಸಾಮಾನ್ಯವಾಗಿ ಜನರನ್ನೇ ವಿಂಗಡಿಸಲು ಬಳಸುತ್ತಾರೆ: ಇವರು ನುರಿತವರು, ಅವರು ಹೊಸಬರು ಎಂದು. ವಿಂಗಡಿಸಬೇಕಾದದ್ದು ಕೆಲಸವನ್ನು. ವರ್ಷಗಳಿಂದ ಕಾಲರ್ ಜೋಡಿಸುತ್ತಿರುವ ಟೈಲರ್ ಒಬ್ಬರನ್ನು ಗೈರುಹಾಜರಿಯ ಕಾರಣಕ್ಕೆ ಜೇಬು ಹೊಲಿಯಲು ಕೂರಿಸಿದರೆ, ಆ ಯಂತ್ರದಲ್ಲಿ ಅವರು ಹೊಸಬರೇ. ಅನುಭವಸ್ಥರೆಂದು ಸುಮ್ಮನೆ ಬಿಟ್ಟು, ಪೀಸ್ ಕಡಿಮೆ ಬಂದಾಗ ಗದರಿಸುವುದು ದಿನನಿತ್ಯ ನಡೆಯುವ ತಪ್ಪು. ಮೊದಲ ನಾಲ್ಕೈದು ಪೀಸ್ ಹೊಲಿಯುವಾಗ ಪಕ್ಕದಲ್ಲಿ ನಿಂತು ತೋರಿಸಿ; ಅವರು ಕಾಲರಿಗೆ ಮರಳಿದ ಮೇಲೆ ದೂರ ಸರಿಯಿರಿ.

ಎಲ್ಲರನ್ನೂ ಕೇಳಿ ನಿರ್ಧರಿಸಬೇಕೆಂಬ ಪಾಠವನ್ನು ಎಚ್ಚರದಿಂದ ಬಳಸಿ. ಅದರ ಪ್ರಸಿದ್ಧ ಆಧಾರಗಳಲ್ಲೊಂದು, ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಹವ್ಯಾಸ ಕೂಟಗಳಲ್ಲಿ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗ. ಆ ಹುಡುಗರ ಮೇಲೆ ಕೂಲಿಯ ಭಯವಾಗಲಿ ಗಂಟೆಯ ಲೆಕ್ಕವಾಗಲಿ ಇರಲಿಲ್ಲ. ಬದಲಿಸಲು ನಿಮಗೆ ಸಾಧ್ಯವಿರುವ ಒಂದು ವಿಷಯವನ್ನೇ ಕೇಳಿ: ಕತ್ತರಿಸಿದ ಬಟ್ಟೆಯ ಬಂಡಲ್ ಎಲ್ಲಿಟ್ಟರೆ ಅನುಕೂಲ, ಯಾವ ಯಂತ್ರದಲ್ಲಿ ದಾರ ಪದೇ ಪದೇ ತುಂಡಾಗುತ್ತಿದೆ. ಮರುದಿನ ಉತ್ತರ ಕೊಡಿ, ಆಗುವುದಿಲ್ಲ ಎಂಬ ಉತ್ತರವಾದರೂ ಸರಿ.

ಮೇಲಿನವರೊಡನೆ ವ್ಯವಹರಿಸುವುದನ್ನು ತರಬೇತಿ ಹೆಚ್ಚಾಗಿ ಮರೆಯುತ್ತದೆ. ಕೊರತೆ ಕಂಡ ಮೊದಲ ಗಂಟೆಯಲ್ಲೇ ಪ್ರೊಡಕ್ಷನ್ ಮ್ಯಾನೇಜರ್‌ಗೆ ಅಂಕಿ ಸಹಿತ ತಿಳಿಸಿ: “ಸರ್, ಟಾರ್ಗೆಟ್ 80, ಕಾಲರಿನಲ್ಲಿ 60 ಪೀಸ್ ಮಾತ್ರ ಬರುತ್ತಿದೆ, ಇನ್ನೊಬ್ಬ ಟೈಲರ್ ಬೇಕು.” ಸಂಜೆ ಹೇಳಿದರೆ ಅದು ನೆಪವೆನಿಸುತ್ತದೆ, ಬೈಗುಳ ನಿಮ್ಮ ಮೂಲಕ ಟೈಲರ್‌ಗಳ ಮೇಲೆ ಇಳಿಯುತ್ತದೆ. ಹೇಳಿದ ಸಮಯವನ್ನೂ ಬಂದ ಉತ್ತರವನ್ನೂ ಆಗಲೇ ಪುಸ್ತಕದಲ್ಲಿ ಬರೆದುಕೊಳ್ಳಿ.