ದಿನಕ್ಕೊಂದು ಹಿಡಿ ನಟ್ಸ್: ಏನನ್ನು ಬಿಟ್ಟು ತಿನ್ನಬೇಕು?

ಬಾದಾಮಿ, ವಾಲ್‌ನಟ್ ಹೃದಯಕ್ಕೆ ಒಳ್ಳೆಯದು ಎಂದು ಕೇಳಿದ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ: ತಿನ್ನುತ್ತಿದ್ದುದನ್ನೆಲ್ಲ ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಒಂದು ಹಿಡಿ ನಟ್ಸ್ ಸೇರಿಸುವುದು. ಎರಡು ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕೊಲೆಸ್ಟರಾಲ್ ಎಣಿಸಿದಷ್ಟು ಇಳಿದಿರುವುದಿಲ್ಲ. ಬೇಡದ್ದೊಂದನ್ನು ತಟ್ಟೆಯಿಂದ ಎಬ್ಬಿಸಿ ಆ ಜಾಗದಲ್ಲಿ ಕೂರಿಸಿದಾಗಲೇ ನಟ್ಸ್ ಚೆನ್ನಾಗಿ ಕೆಲಸ ಮಾಡುವುದು. ಈ ಅದಲುಬದಲನ್ನು ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಈಗಿನ ಅಂಕಿ ಬರೆದಿಡಿ

ಶುರು ಮಾಡುವ ಮುನ್ನ ಐದು ಅಂಕಿಗಳು ಕೈಯಲ್ಲಿರಲಿ: ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ), ಬಿಪಿ, ಸೊಂಟದ ಸುತ್ತಳತೆ. ಟ್ರೈಗ್ಲಿಸರೈಡ್ ಸರಿಯಾಗಿ ತಿಳಿಯಲು 10ರಿಂದ 12 ಗಂಟೆ ಏನೂ ತಿನ್ನದೆ ರಕ್ತ ಕೊಡುವುದು ಒಳ್ಳೆಯದು, ನೀರು ಕುಡಿಯಬಹುದು. ಸೊಂಟವನ್ನು ಪ್ಯಾಂಟಿನ ಬೆಲ್ಟ್ ಇರುವಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪ್ ಹಿಡಿದು, ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಿ. ನಿಮ್ಮ ಎತ್ತರದ ಅರ್ಧಕ್ಕಿಂತ ಅದು ಹೆಚ್ಚಿದ್ದರೆ ಎಚ್ಚರ ಬೇಕು.

ಬಿಪಿಯನ್ನು ಒಂದೇ ಸಲ ನೋಡಿ ತೀರ್ಮಾನಿಸುವಂತಿಲ್ಲ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟದಲ್ಲಿರುವಂತೆ ಇಟ್ಟು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು.

ಹಿಡಿ ಎಂದರೆ ಎಷ್ಟು?

ದಿನಕ್ಕೆ 30 ಗ್ರಾಂ. ಒಬ್ಬರ ಹಿಡಿಯಂತೆ ಇನ್ನೊಬ್ಬರದು ಇರುವುದಿಲ್ಲ. ದೊಡ್ಡ ಕೈಯವರ ಹಿಡಿ ಸುಲಭವಾಗಿ 50 ಗ್ರಾಂ ದಾಟುತ್ತದೆ. ಮೊದಲ ವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅದು ಯಾವ ಬಟ್ಟಲಿಗೆ ಎಲ್ಲಿಯವರೆಗೆ ಬರುತ್ತದೆಂದು ಗುರುತು ಮಾಡಿಕೊಳ್ಳಿ. ತಕ್ಕಡಿ ಇಲ್ಲದಿದ್ದರೆ ಎಣಿಸಿ: ಬಾದಾಮಿಯಾದರೆ 23ರಿಂದ 25, ಗೋಡಂಬಿ 18ರಿಂದ 20, ಪಿಸ್ತಾ ತಿರುಳು ಸುಮಾರು 50, ವಾಲ್‌ನಟ್ ಅರ್ಧ ಹೋಳುಗಳು 14ರಿಂದ 15. ಕಡಲೆಕಾಯಿ ಬೀಜ ಸಸ್ಯಶಾಸ್ತ್ರದ ಲೆಕ್ಕದಲ್ಲಿ ದ್ವಿದಳ ಧಾನ್ಯ. ಆದರೂ ಅದರ ಕೊಬ್ಬಿನ ಸ್ವರೂಪ ನಟ್ಸ್‌ನದ್ದೇ ಆದ್ದರಿಂದ ಈ ಲೆಕ್ಕಕ್ಕೆ ಸೇರಿಸಬಹುದು. ಒಣದ್ರಾಕ್ಷಿ, ಖರ್ಜೂರ ಸೇರುವುದಿಲ್ಲ. ಅವನ್ನೂ ಡ್ರೈ ಫ್ರೂಟ್ಸ್ ಎಂದು ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟರೆ ಹಿಡಿಯ ದೊಡ್ಡ ಪಾಲು ಸಕ್ಕರೆಯೇ ಆಗಿರುತ್ತದೆ.

30 ಗ್ರಾಂ ಎಂಬುದು ಊಹೆಯಲ್ಲ. ಸ್ಪೇನ್‌ನಲ್ಲಿ 2003ರಲ್ಲಿ ಶುರುವಾದ ಪ್ರೆಡಿಮೆಡ್ ಪ್ರಯೋಗದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 55ರಿಂದ 80 ವಯಸ್ಸಿನ 7,447 ಮಂದಿ ಇದ್ದರು. ಒಂದು ಗುಂಪಿಗೆ ಮೆಡಿಟರೇನಿಯನ್ ಆಹಾರದ (ಆಲಿವ್ ಎಣ್ಣೆ, ತರಕಾರಿ, ಹಣ್ಣು, ಬೇಳೆಕಾಳು, ಮೀನು ಹೆಚ್ಚಿರುವ ಊಟ) ಜೊತೆ ದಿನಕ್ಕೆ 15 ಗ್ರಾಂ ವಾಲ್‌ನಟ್, ತಲಾ 7.5 ಗ್ರಾಂ ಬಾದಾಮಿ ಮತ್ತು ಹೇಝಲ್‌ನಟ್ ಕೊಡಲಾಗಿತ್ತು. ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆಯನ್ನಷ್ಟೇ ಪಡೆದ ಗುಂಪಿಗೆ ಹೋಲಿಸಿದರೆ ಇವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ 28ರಷ್ಟು ಕಡಿಮೆಯಾದವು. ಜನರನ್ನು ಗುಂಪುಗಳಿಗೆ ಹಂಚಿದ ವಿಧಾನದಲ್ಲಿ ಲೋಪಗಳು ಕಂಡುಬಂದಿದ್ದರಿಂದ 2013ರ ವರದಿಯನ್ನು ಹಿಂತೆಗೆದುಕೊಂಡು 2018ರಲ್ಲಿ ಮರುವಿಶ್ಲೇಷಣೆಯೊಂದಿಗೆ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಏನನ್ನು ಎಬ್ಬಿಸಬೇಕು?

30 ಗ್ರಾಂ ನಟ್ಸ್‌ನಲ್ಲಿ 170ರಿಂದ 200 ಕ್ಯಾಲೊರಿ ಇರುತ್ತದೆ. ಅಷ್ಟನ್ನು ಬೇರೆ ಕಡೆಯಿಂದ ತೆಗೆಯಬೇಕು. 35–40 ಗ್ರಾಂ ಬಿಸ್ಕತ್ತು, ಇಲ್ಲವೇ 35 ಗ್ರಾಂ ಚಿಪ್ಸ್, ಇಲ್ಲವೇ 25 ಗ್ರಾಂ ಬೆಣ್ಣೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಇವುಗಳಲ್ಲಿ ಯಾವುದನ್ನು ಬಿಡುತ್ತೀರೋ ಅದರ ಮೇಲೆ ಫಲ ಬದಲಾಗುತ್ತದೆ. ಎಲ್‌ಡಿಎಲ್ ಹೆಚ್ಚಿರುವವರು ಬೆಣ್ಣೆ, ಕ್ರೀಮ್, ಕೊಬ್ಬಿರುವ ಮಾಂಸವನ್ನು ಮೊದಲು ಮುಟ್ಟಬೇಕು. 25 ಗ್ರಾಂ ಬೆಣ್ಣೆಯಲ್ಲಿ 12 ಗ್ರಾಂಗೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬಿದ್ದರೆ, 30 ಗ್ರಾಂ ಬಾದಾಮಿಯಲ್ಲಿರುವುದು ಸುಮಾರು 1 ಗ್ರಾಂ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ರಕ್ತದಿಂದ ಎಲ್‌ಡಿಎಲ್ ಹೀರಿಕೊಳ್ಳುವ ಯಕೃತ್ತಿನ ಗ್ರಾಹಕಗಳು (ರಿಸೆಪ್ಟರ್‌ಗಳು) ಮಂದವಾಗುತ್ತವೆ; ಅದು ಕಡಿಮೆಯಾಗಿ ಅನ್‌ಸ್ಯಾಚುರೇಟೆಡ್ ಕೊಬ್ಬು ಬಂದಾಗ ಮತ್ತೆ ಚುರುಕಾಗುತ್ತವೆ. ಸಾಲದ್ದಕ್ಕೆ ನಟ್ಸ್‌ನಲ್ಲಿರುವ ಸಸ್ಯ ಸ್ಟೆರಾಲ್‌ಗಳು (ಕೊಲೆಸ್ಟರಾಲ್ ಅನ್ನು ಹೋಲುವ ಸಸ್ಯ ಪದಾರ್ಥಗಳು) ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆಗೆ ಅಡ್ಡ ನಿಲ್ಲುತ್ತವೆ.

ಟ್ರೈಗ್ಲಿಸರೈಡ್ ಅಥವಾ ಸಕ್ಕರೆ ಅಂಶ ಹೆಚ್ಚಿರುವವರು ಬಿಸ್ಕತ್ತು, ಸಿಹಿ ಪಾನೀಯ, ಮೈದಾ ತಿನಿಸುಗಳನ್ನು ಬಿಡಬೇಕು. ಬಿಳಿ ಬ್ರೆಡ್ಡಿನಂಥ ಆಹಾರವನ್ನು ಬಾದಾಮಿಯ ಜೊತೆ ತಿಂದರೆ, ಬ್ರೆಡ್ಡೊಂದನ್ನೇ ತಿಂದಾಗಿನಷ್ಟು ಸಕ್ಕರೆ ರಕ್ತದಲ್ಲಿ ಜಿಗಿಯುವುದಿಲ್ಲ. ಕೊಬ್ಬು ಮತ್ತು ನಾರು ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುವುದು ಇದಕ್ಕೊಂದು ಕಾರಣ.

ಕ್ಯಾಲೊರಿ ನೋಡಿ ಹೆದರಿ ನಟ್ಸ್ ಬಿಡುವವರಿಗೆ ಒಂದು ಮಾತು. ಇಡಿಯಾಗಿ ತಿಂದ ಬಾದಾಮಿಯ ಕೊಬ್ಬೆಲ್ಲ ದೇಹಕ್ಕೆ ಸೇರುವುದಿಲ್ಲ. ಗಟ್ಟಿ ಕೋಶಗಳ ಗೋಡೆಯೊಳಗೆ ಸಿಕ್ಕಿಕೊಂಡ ಒಂದಷ್ಟು ಹಾಗೆಯೇ ಹೊರಹೋಗುತ್ತದೆ. ಮನುಷ್ಯರ ಮೇಲೆ ಅಳೆದು ನೋಡಿದಾಗ 28 ಗ್ರಾಂ ಬಾದಾಮಿಯಿಂದ ದಕ್ಕಿದ್ದು ಸುಮಾರು 129 ಕ್ಯಾಲೊರಿ, ಲೇಬಲ್ ಹೇಳುವುದು 160ರ ಮೇಲೆ. ಪುಡಿ ಮಾಡಿದಾಗ, ಅರೆದು ಬೆಣ್ಣೆ ಮಾಡಿದಾಗ ಈ ಲಾಭ ಹೋಗುತ್ತದೆ. ಪೀನಟ್ ಬಟರ್ ಕೊಳ್ಳುವುದಾದರೆ ಲೇಬಲ್ಲಿನಲ್ಲಿ ಕಡಲೆಕಾಯಿ ಬೀಜ ಬಿಟ್ಟು ಬೇರೇನೂ ಇರದಂತೆ ನೋಡಿಕೊಳ್ಳಿ. ಎಣ್ಣೆ ಮೇಲೆ ತೇಲಿದ್ದರೆ ಕೆಟ್ಟಿದೆ ಎಂದಲ್ಲ, ಕಲಸಿದರೆ ಸಾಕು.

ಆರಿಸುವುದು, ಹುರಿಯುವುದು, ಇಡುವುದು

ಉಪ್ಪು, ಸಕ್ಕರೆ, ಜೇನು ಸವರಿದ್ದು ಬೇಡ. ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ 120 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಇರಬೇಕು. ಬಿಪಿಗಾಗಿ ಉಪ್ಪು ಬೆರೆಸಿದ ಪಿಸ್ತಾ ತಿನ್ನುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ. ಬಾದಾಮಿಯ ಸಿಪ್ಪೆ ಸುಲಿಯಬೇಡಿ, ಪಾಲಿಫಿನಾಲ್ ಎಂಬ ಉತ್ಕರ್ಷಣ ನಿರೋಧಕಗಳು ಹೆಚ್ಚಾಗಿರುವುದು ಅಲ್ಲೇ. ನೆನೆಸಿದರೆ ಜಗಿಯಲು ಸುಲಭ. ಅದಕ್ಕಿಂತ ದೊಡ್ಡ ಗುಣವನ್ನು ನಿರೀಕ್ಷಿಸಬೇಡಿ.

ಹುರಿಯುವುದಿದ್ದರೆ ಓವನ್ 140 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ಒಂದೇ ಪದರವಾಗಿ ಹರಡಿ, ನಡುವೆ ಒಮ್ಮೆ ಕೈಯಾಡಿಸಿ, ಒಳಗೆ ತಿಳಿ ಕಂದು ಬಣ್ಣ ಬರುವಾಗ ತೆಗೆಯಿರಿ. ಹೆಚ್ಚು ಶಾಖದಲ್ಲಿ ಕಪ್ಪಗಾಗುವಂತೆ ಹುರಿದ ಬಾದಾಮಿಯಲ್ಲಿ ಅಕ್ರಿಲಮೈಡ್ ಎಂಬ ಹಾನಿಕಾರಕ ರಾಸಾಯನಿಕ ಹೆಚ್ಚುತ್ತದೆ. ವಾಲ್‌ನಟ್ ಹಸಿಯಾಗಿ ತಿನ್ನುವುದೇ ಮೇಲು. ಅದರ ಒಮೆಗಾ–3 ಕೊಬ್ಬು ಶಾಖಕ್ಕೂ ಗಾಳಿಗೂ ಬೇಗ ಕೆಡುತ್ತದೆ, ಹಾಗಾಗಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಕಮಟು ವಾಸನೆ, ನಾಲಗೆಯಲ್ಲಿ ಕಹಿ ಕಂಡರೆ ಎಸೆಯಿರಿ. ಬೂಷ್ಟು ಹಿಡಿದ, ಬಣ್ಣ ಕೆಟ್ಟ, ಸುಕ್ಕುಗಟ್ಟಿದ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಉಳಿದ ತಟ್ಟೆ

ನಟ್ಸ್ ಒಂದೇ ಎಲ್ಲವನ್ನೂ ಹೊರಲಾರದು. 25 ಪ್ರಯೋಗಗಳ ಒಟ್ಟು ವಿಶ್ಲೇಷಣೆಯೊಂದರಲ್ಲಿ ದಿನಕ್ಕೆ ಸರಾಸರಿ 67 ಗ್ರಾಂ ತಿಂದವರ ಎಲ್‌ಡಿಎಲ್ ಇಳಿದದ್ದು ಶೇ 7ರಷ್ಟು. 30 ಗ್ರಾಂಗೆ ಇನ್ನೂ ಕಡಿಮೆಯೇ ಇಳಿಯುತ್ತದೆ. ಬೇಳೆಕಾಳು, ತರಕಾರಿ, ಇಡಿ ಧಾನ್ಯ ಸೇರಿಸಿ ದಿನಕ್ಕೆ 25–30 ಗ್ರಾಂ ನಾರು, ದಿನಕ್ಕೆ 5 ಗ್ರಾಂ ಒಳಗೆ ಉಪ್ಪು, ಇವು ಜೊತೆಗಿರಬೇಕು. 75 ಗ್ರಾಂನಷ್ಟು ಒಣ ಓಟ್ಸ್‌ನಲ್ಲಿ ಸಿಗುವ ಸುಮಾರು 3 ಗ್ರಾಂ ಬೀಟಾ ಗ್ಲೂಕನ್ ಎಂಬ ಕರಗುವ ನಾರು ಕೂಡ ಎಲ್‌ಡಿಎಲ್ ಇಳಿಸುತ್ತದೆ. ನಾರನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಏರಿಸಿ, ನೀರು ಹೆಚ್ಚು ಕುಡಿಯಿರಿ.

ಯಾರು ವೈದ್ಯರನ್ನು ಕೇಳಬೇಕು?

ನಟ್ಸ್ ಅಲರ್ಜಿ ಇರುವವರು ಇದನ್ನು ಮಾಡುವಂತೆಯೇ ಇಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪೊಟ್ಯಾಸಿಯಂ, ಫಾಸ್ಫರಸ್ ತೊಡಕಾಗಬಹುದು. ಆಕ್ಸಲೇಟ್ ಕಲ್ಲುಗಳಾಗುವವರಿಗೆ ಬಾದಾಮಿ ಹಿತವಲ್ಲ. ಬ್ರೆಜಿಲ್ ನಟ್‌ನಲ್ಲಿ ಸೆಲೆನಿಯಂ ವಿಪರೀತ, ಆದ್ದರಿಂದ ದಿನಕ್ಕೆ ಒಂದೆರಡಕ್ಕಿಂತ ಹೆಚ್ಚು ಯಾರಿಗೂ ಬೇಡ. ಇನ್ನು ಕೊಲೆಸ್ಟರಾಲ್ ಮಾತ್ರೆಯನ್ನಾಗಲಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ ನಟ್ಸ್ ನಂಬಿ ದಯವಿಟ್ಟು ನಿಲ್ಲಿಸಬೇಡಿ.

ಮತ್ತೆ ಅಳೆಯುವುದು ಯಾವಾಗ?

ಎಲ್‌ಡಿಎಲ್, ಟ್ರೈಗ್ಲಿಸರೈಡ್ ಬದಲಾವಣೆ ಆರರಿಂದ ಎಂಟು ವಾರಗಳಲ್ಲಿ ಕಾಣುತ್ತದೆ. ಎಚ್‌ಬಿಎ1ಸಿಗೆ ಮೂರು ತಿಂಗಳು ಬೇಕು, ಏಕೆಂದರೆ ಅದು ಹೇಳುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಹೆಚ್ಚು ಅಲುಗಾಡುವುದಿಲ್ಲ, ಬಿಪಿಯಲ್ಲೂ ನಟ್ಸ್‌ನಿಂದಲೇ ಆಗುವ ಇಳಿಕೆ ಅಲ್ಪ. ತೂಕ ಏರಿದ್ದರೆ ಬಿಡಬೇಕಾದ್ದನ್ನು ಬಿಟ್ಟಿಲ್ಲ ಎಂದೇ ಮೊದಲು ಅನುಮಾನಿಸಿ. ಮೂರು ದಿನ ತಿಂದದ್ದನ್ನೆಲ್ಲ, ಚಹಾದ ಜೊತೆಯ ಬಿಸ್ಕತ್ತನ್ನೂ ಸೇರಿಸಿ, ಬರೆದು ನೋಡಿ. ಎಲ್‌ಡಿಎಲ್ ಇಳಿಯದೆ ನಿಂತಿದ್ದರೆ ನಟ್ಸನ್ನು 30ರಿಂದ 42 ಗ್ರಾಂಗೆ ಏರಿಸಬಹುದು. ಹಾಗೆ ಏರಿಸುವ ದಿನವೇ ಬೆಣ್ಣೆಯ ಡಬ್ಬಿಯಿಂದ ಇನ್ನೂ 10 ಗ್ರಾಂ ಕಡಿಮೆ ತೆಗೆಯಿರಿ.